ಬ್ರೌಸರಿನ ತೀರ್ಪು ಅರ್ಧ ತೀರ್ಪು

ಹೈಬ್ರಿಡ್ ಆ್ಯಪ್ ಕಟ್ಟುವ ಕಚೇರಿಗಳಲ್ಲಿ, ಬೆಳಗಾವಿಯ ಕ್ಯಾಂಪ್ ಭಾಗದಲ್ಲೂ, ಕೆಲಸ ಕೊಡುವ ಗಡುವು ಹತ್ತಿರ ಬಂದಾಗ ಒಂದು ಮಾತು ಕೇಳಿಬರುತ್ತದೆ: “ಕ್ರೋಮ್‌ನ್ಯಾಗ ಬರಾಬರ್ ನಡದೈತಿ, ಕಳಿಸಿಬಿಡ್ರಿ.” ಮೊಬೈಲಿಗೆಂದು ಬರೆದ ಆ್ಯಪನ್ನು ಡೆಸ್ಕ್‌ಟಾಪ್ ಬ್ರೌಸರಿನಲ್ಲಿ ತೆರೆದು ನೋಡಿ ಪಾಸು ಮಾಡುವ ಈ ರೂಢಿ ಎಷ್ಟು ಸರಿ? ಆ್ಯಪ್ ಕಟ್ಟುವುದಕ್ಕೆ ಬ್ರೌಸರಿಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಅದನ್ನು ಪಾಸು ಮಾಡುವುದಕ್ಕೆ ಬ್ರೌಸರೊಂದೇ ಸಾಲದು.

ಈ ರೂಢಿ ಸುಮ್ಮನೆ ಹುಟ್ಟಿದ್ದಲ್ಲ. ಹೈಬ್ರಿಡ್ ಆ್ಯಪ್ ಎಂದರೆ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಬರೆದ ವೆಬ್ ಪುಟವೇ. ಫೋನಿನ ವೆಬ್‌ವ್ಯೂ ಅದನ್ನು ತೋರಿಸುತ್ತದೆ. ಕ್ಯಾಮೆರಾ, ಜಿಪಿಎಸ್‌ಗಳ ಸಂಪರ್ಕವನ್ನು ಪ್ಲಗಿನ್‌ಗಳು ನೋಡಿಕೊಳ್ಳುತ್ತವೆ. 2011ರಲ್ಲಿ, ಇಂಥ ಆ್ಯಪ್ ಕಟ್ಟುವ ಸಲಕರಣೆಯಾದ ಫೋನ್‌ಗ್ಯಾಪ್‌ನ ಕೋಡು ಅಪಾಚೆ ಪ್ರತಿಷ್ಠಾನಕ್ಕೆ ಸೇರಿ ಮುಂದೆ ಕಾರ್ಡೋವಾ ಆಯಿತು. 2013ರಲ್ಲಿ ಇದೇ ಕೆಲಸದ ಇನ್ನೊಂದು ಸಲಕರಣೆ ಅಯಾನಿಕ್ ಬಂತು. ಒಂದೇ ಕಮಾಂಡಿಗೆ ಆ್ಯಪ್ ಬ್ರೌಸರಿನಲ್ಲಿ ತೆರೆದುಕೊಳ್ಳುವುದು ಅಭ್ಯಾಸವಾಯಿತು. ಫೈಲ್ ಸೇವ್ ಮಾಡಿದ ಕೂಡಲೇ ಪರದೆ ಬದಲಾಗುತ್ತದೆ. ತಪ್ಪಿರುವ ಸಾಲಿನಲ್ಲೇ ಕೋಡನ್ನು ನಿಲ್ಲಿಸಿ ಒಳಗೇನಿದೆ ಎಂದು ನೋಡಬಹುದು. ನಾಲ್ಕೈದು ಜನರ, ಒಂದೆರಡು ಫೋನುಗಳ ಕಚೇರಿಗೆ ಇದರಿಂದ ಉಳಿಯುವ ಸಮಯ ದೊಡ್ಡದು.

ತೊಡಕು ಶುರುವಾಗುವುದು ಆ್ಯಪ್ ಫೋನನ್ನು ಮುಟ್ಟಿದಲ್ಲಿ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಹೊಲದ ಬೆಳೆಯನ್ನು ಫೋಟೊ ಸಮೇತ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ತಂದಿತು. ಅಂಥದೇ ಕೆಲಸಕ್ಕೆ ನಾವೊಂದು ಹೈಬ್ರಿಡ್ ಆ್ಯಪ್ ಬರೆದೆವು ಎಂದುಕೊಳ್ಳಿ. ರೈತರು ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ತುಂಬಿ ಕ್ಯಾಮೆರಾ ಗುಂಡಿ ಒತ್ತುತ್ತಾರೆ. ಆಂಡ್ರಾಯ್ಡ್ ಆಗ ಕ್ಯಾಮೆರಾ ಆ್ಯಪನ್ನು ಮುಂದೆ ತರುತ್ತದೆ. ಮೆಮೊರಿ ಸಾಲದಿದ್ದರೆ ಹಿಂದೆ ಸರಿದ ನಮ್ಮ ಆ್ಯಪನ್ನು ಮುಚ್ಚಿಯೇಬಿಡುತ್ತದೆ. ಫೋಟೊ ತೆಗೆದು ಮರಳಿದರೆ ಮೊದಲ ಪುಟ, ತುಂಬಿದ್ದೆಲ್ಲ ಹೋಯಿತು. ಕಾರ್ಡೋವಾದ ಕೈಪಿಡಿ ಈ ಅಪಾಯವನ್ನು ಹೇಳಿದೆ, ‘ರೆಸ್ಯೂಮ್’ ಈವೆಂಟಿನಲ್ಲಿ ಫೋಟೊ ಮರಳಿ ಪಡೆಯುವ ದಾರಿಯನ್ನೂ ತೋರಿಸಿದೆ. ಲ್ಯಾಪ್‌ಟಾಪಿನ ವೆಬ್‌ಕ್ಯಾಮ್ ಮುಂದೆ ಕೂತವರಿಗೆ ಈ ಸಂದರ್ಭವೇ ಎದುರಾಗುವುದಿಲ್ಲ, ಹಾಗಾಗಿ ಆ ದಾರಿ ಹಿಡಿಯುವ ಯೋಚನೆಯೂ ಬರುವುದಿಲ್ಲ.

ಕನ್ನಡದ ಆ್ಯಪಿಗೆ ಇನ್ನೂ ಎರಡು ಪರೀಕ್ಷೆಗಳಿವೆ. ಮೊದಲನೆಯದು ಟೈಪಿಂಗ್. ಆಂಡ್ರಾಯ್ಡ್ ಕೀಬೋರ್ಡಿನಲ್ಲಿ ಕನ್ನಡ ಟೈಪ್ ಮಾಡುವಾಗ ಯಾವ ಅಕ್ಷರ ಒತ್ತಿದರೂ ‘ಕೀಡೌನ್’ ಈವೆಂಟಿಗೆ ಸಾಮಾನ್ಯವಾಗಿ 229 ಎಂಬ ಒಂದೇ ಸಂಖ್ಯೆ ಸಿಗುತ್ತದೆ. ಒತ್ತಿದ ಕೀಲಿಯ ಸಂಖ್ಯೆ ನೋಡಿ ಹುಡುಕುವ ಕೋಡು ಡೆಸ್ಕ್‌ಟಾಪಿನ ಇಂಗ್ಲಿಷಿಗೆ ಸರಿಹೋಗುತ್ತದೆ, ಫೋನಿನ ಕನ್ನಡಕ್ಕೆ ಮೂಕವಾಗುತ್ತದೆ. ಎರಡನೆಯದು ಅಕ್ಷರದ ಎತ್ತರ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟು, ಆಂಡ್ರಾಯ್ಡ್‌ನಲ್ಲಿ ನೋಟೊ. ಮೇಲಾಗಿ, ಹಿರಿಯರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ವೆಬ್‌ವ್ಯೂ ಕೂಡ ಅದನ್ನೇ ಅನುಸರಿಸುತ್ತದೆ. ಎತ್ತರ ಬಿಗಿದಿಟ್ಟ ಗುಂಡಿಯ ಮೇಲಿನ ‘ರಾಷ್ಟ್ರೀಯ’ದಲ್ಲಿ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ಕಚೇರಿಯ ಮಾನಿಟರಿನಲ್ಲಿ ಮಾತ್ರ ಅದೇ ಪದ ಪೂರ್ತಿ ಕಾಣುತ್ತಿರುತ್ತದೆ.

ನೆಟ್‌ವರ್ಕಿನ ಮಾತೂ ಹೀಗೆಯೇ. ಕ್ರೋಮ್‌ನಲ್ಲಿ ‘ಆಫ್‌ಲೈನ್’ ಆರಿಸಿದರೆ ಸಂಪರ್ಕ ಪೂರ್ತಿ ನಿಲ್ಲುತ್ತದೆ, ‘ಸ್ಲೋ’ ಆರಿಸಿದರೆ ಒಂದೇ ಹದದಲ್ಲಿ ನಿಧಾನವಾಗುತ್ತದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಕಾಡು, ಗುಡ್ಡ, ಮಳೆಯ ನಡುವೆ ಸಿಗ್ನಲ್ ಹಾಗೆ ಲೆಕ್ಕಕ್ಕೆ ಸಿಗುವುದಿಲ್ಲ. ಪರದೆಯ ಮೇಲೆ ಕಡ್ಡಿಗಳಿದ್ದೂ ಡೇಟಾ ಹೋಗದಿರಬಹುದು. ‘ಆನ್‌ಲೈನ್ ಇದ್ದೇವೆಯೇ’ ಎಂದು ಕೋಡು ಕೇಳಿದರೆ ಫೋನು ಹೌದು ಎನ್ನುತ್ತದೆ. ಅರ್ಜಿ ಮಾತ್ರ ಅರ್ಧ ದಾರಿಯಲ್ಲಿ ನಿಂತಿರುತ್ತದೆ. ಮತ್ತೆ ಒತ್ತಿದರೆ ಎರಡು ಬಾರಿ ದಾಖಲಾಗುತ್ತದೆಯೇ, ಒತ್ತದಿದ್ದರೆ ಕಳೆದೇ ಹೋಗುತ್ತದೆಯೇ? ಉತ್ತರ ಬೇಕಿದ್ದರೆ ಫೋನು ಹಿಡಿದು ಅಲ್ಲಿಗೇ ಹೋಗಬೇಕು.

ಫೋನಿನಲ್ಲಿ ತಪ್ಪು ಹುಡುಕುವುದು ಕಷ್ಟ ಎಂಬ ನೆಪವೂ ಈಗ ನಿಲ್ಲುವುದಿಲ್ಲ. 2013ರ ಆಂಡ್ರಾಯ್ಡ್ 4.4ರಿಂದ ಯುಎಸ್‌ಬಿ ಕೇಬಲ್ ಹಾಕಿ, ಫೋನಿನೊಳಗೆ ಓಡುತ್ತಿರುವ ವೆಬ್‌ವ್ಯೂವನ್ನು ಡೆಸ್ಕ್‌ಟಾಪ್ ಕ್ರೋಮ್‌ನ ಅದೇ ಸಲಕರಣೆಗಳಿಂದ ಪರಿಶೀಲಿಸಬಹುದು. ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಆನ್ ಮಾಡಿದರೆ ಮೇಲೆ ಹೇಳಿದ ಕ್ಯಾಮೆರಾ ತೊಂದರೆ ಮೇಜಿನ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಕಡಿಮೆ ಬೆಲೆಯ ಫೋನು ಮತ್ತು ಒಂದಿಷ್ಟು ಶ್ರದ್ಧೆ.

ಪುಟದ ವಿನ್ಯಾಸ, ಫಾರ್ಮಿನ ನಿಯಮ, ಲೆಕ್ಕಾಚಾರಗಳನ್ನು ಬ್ರೌಸರ್ ನೋಡಲಿ. ಕ್ಯಾಮೆರಾ, ಜಿಪಿಎಸ್, ಕೀಬೋರ್ಡ್, ಫಾಂಟ್, ಮೆಮೊರಿ, ನೆಟ್‌ವರ್ಕ್ ಇವುಗಳನ್ನು ಮೊದಲ ವಾರದಿಂದಲೇ ಫೋನಿನಲ್ಲಿ ನೋಡಬೇಕು. ಕೊನೆಯ ದಿನಕ್ಕೆ ಉಳಿಸಿಕೊಂಡರೆ ತಿದ್ದಲು ಹೊತ್ತಿರುವುದಿಲ್ಲ. ನಮ್ಮ ಬಿಡುಗಡೆಯ ಪಟ್ಟಿಗೆ ಒಂದು ಸಾಲು ಸೇರಲಿ: ಬಳಸುವವರ ಕೈಯಲ್ಲಿರುವಂಥ ಫೋನಿನಲ್ಲಿ, ಕನ್ನಡದಲ್ಲಿ, ಸಿಗ್ನಲ್ ಕುಂಟುವ ಊರಿನಲ್ಲಿ ನೋಡಿದ್ದೇವೆ. ಆ ಸಾಲಿಗೆ ಟಿಕ್ ಬೀಳುವವರೆಗೆ ಯಾವ ಆ್ಯಪೂ ಕಚೇರಿ ಬಿಟ್ಟು ಹೊರಡಬಾರದು.