ಗಾಲಿ ನೆಲ ಬಿಡದಿರಲಿ

2015ರ ಜೂನ್‌ನಲ್ಲಿ ಆಸ್ಟ್ರಿಯಾದ ಲಿಯೊಗ್ಯಾಂಗ್‌ನಲ್ಲಿ ಡೌನ್‌ಹಿಲ್ ಸೈಕಲ್ ವಿಶ್ವಕಪ್ಪಿನ ಒಂದು ಸುತ್ತು. ಅಮೆರಿಕದ ಆರನ್ ಗ್ವಿನ್ ಗೇಟು ಬಿಟ್ಟು ಪೆಡಲ್ ತುಳಿಯಲು ಶುರುಮಾಡಿದ್ದರಷ್ಟೇ, ಚೈನು ತುಂಡಾಯಿತು. ಅಲ್ಲಿಂದ ಗುಡ್ಡದ ಬುಡದವರೆಗೆ ಅವರ ಕಾಲಿಗೆ ಕೆಲಸವೇ ಇರಲಿಲ್ಲ. ಉಬ್ಬು ಇಳಿಯುವಾಗ ಸೈಕಲ್ಲನ್ನು ಒತ್ತಿ, ಏರುವಾಗ ಹಗುರಾಗಿ, ತಿರುವಿನಲ್ಲಿ ಬ್ರೇಕು ಆದಷ್ಟು ಮುಟ್ಟದೆ ಇಳಿದರು. ಸುತ್ತನ್ನು ಗೆದ್ದವರು ಅವರೇ.

ಈ ಓಟವನ್ನು ಸವಾರನ ಸಾಹಸವೆಂದು ಕೊಂಡಾಡುವವರು ಬಹಳ. ಅದು ಸಾಹಸವೇ, ಅನುಮಾನವಿಲ್ಲ. ಆದರೆ ಡೌನ್‌ಹಿಲ್ ಸೈಕಲ್ ಕಟ್ಟುವವರು, ಬಿಡಿಭಾಗ ಬದಲಿಸುತ್ತಲೇ ಇರುವವರು ಇದನ್ನು ಬೇರೆ ಕಣ್ಣಿನಿಂದ ನೋಡಬೇಕು ಎನ್ನುವುದು ನನ್ನ ವಾದ. ಎಂಜಿನ್ ಇಲ್ಲದ ಈ ವಾಹನಕ್ಕೆ ಗುರುತ್ವವೇ ಇಂಧನ. ಬಂಡೆಗೆ ಬಡಿದು ಗಾಲಿ ಹಿಂದಕ್ಕೆ ತಳ್ಳಿಸಿಕೊಂಡಾಗಲೆಲ್ಲ, ಗಾಳಿಯಲ್ಲಿ ತೇಲಿ ಹಿಡಿತ ಕಳೆದುಕೊಂಡಾಗಲೆಲ್ಲ ಆ ಇಂಧನ ಸೋರಿಹೋಗುತ್ತದೆ. ಸಸ್ಪೆನ್ಷನ್ ಇರುವುದು ಸವಾರನ ಸೊಂಟಕ್ಕೆ ಸುಖ ಕೊಡಲಿಕ್ಕಲ್ಲ, ಟೈರನ್ನು ನೆಲಕ್ಕೆ ಅಂಟಿಸಿಡಲಿಕ್ಕೆ. ಯಾವುದೇ ಅಪ್‌ಗ್ರೇಡನ್ನು ತೂಗಬೇಕಾದ ತಕ್ಕಡಿ ಇದೊಂದೇ. ಇಂದು ನಡೆಯುತ್ತಿರುವ ಬಹುಪಾಲು ಅಪ್‌ಗ್ರೇಡುಗಳು ಈ ತಕ್ಕಡಿಯಲ್ಲಿ ಹಗುರಾಗಿ ಮೇಲೇಳುತ್ತವೆ.

ಸಾಮಾನ್ಯವಾಗಿ ಆಗುವುದು ಹೀಗೆ. ಸೆಕೆಂಡ್ ಹ್ಯಾಂಡ್ ಫ್ರೇಮ್ ಒಂದು ಸಿಗುತ್ತದೆ. ಮೊದಲ ಕನಸು ಮುಂದಿನ ಫೋರ್ಕಿನದು: ಫಾಕ್ಸ್ 40 ಬೇಕು, ಇಲ್ಲವೇ ರಾಕ್‌ಶಾಕ್ಸ್ ಬಾಕ್ಸರ್. ಹ್ಯಾಂಡಲ್ಲಿನ ಕೊಳವೆಯ ಕೆಳಗೂ ಮೇಲೂ ಎರಡು ಕ್ರೌನ್ ಹಿಡಿದು ನಿಂತ ಆ ಫೋರ್ಕ್ ಮೋಟರ್‌ಸೈಕಲ್ಲಿನ ಗತ್ತು ತರುತ್ತದೆ. ಅದರ ಬೆಲೆಗೆ ನಮ್ಮಲ್ಲಿ ಹೊಸ ಸ್ಕೂಟರೇ ಬರುತ್ತದೆ. ಬಳಿಕ ಹಿಂದಿನ ಶಾಕ್, ಬಳಿಕ ಕಾರ್ಬನ್ ಹ್ಯಾಂಡಲ್‌ಬಾರ್. ಟೈರು ಮಾತ್ರ ಹಳೆಯದೇ, ಅದರಲ್ಲಿರುವ ಗಾಳಿ ಪಂಪಿನ ಮುಳ್ಳು ತೋರಿಸಿದಷ್ಟು. ಸ್ಪ್ರಿಂಗು ಹಿಂದಿನ ಮಾಲೀಕನ ತೂಕದ್ದು.

ಸ್ಪ್ರಿಂಗಿನ ಲೆಕ್ಕ ಕಷ್ಟದ್ದೇನಲ್ಲ. ಡೌನ್‌ಹಿಲ್ ಸೈಕಲ್ಲಿನ ಹಿಂದಿನ ಗಾಲಿ ಸುಮಾರು 200 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ ಎನ್ನಿ. ಅದಕ್ಕೆ ಶಾಕ್ ಒಳಗೆ ಸರಿಯುವುದು 75 ಮಿಲಿಮೀಟರ್. ಅಂದರೆ ಶಾಕ್ ಒಂದು ಪಾಲು ಸರಿದರೆ ಗಾಲಿ ಎರಡೂಮುಕ್ಕಾಲು ಪಾಲಿಗೆ ಚೂರು ಕಡಿಮೆ ಸರಿಯುತ್ತದೆ, ಶಾಕಿನ ಮೇಲೆ ಬೀಳುವ ಭಾರ ಅಷ್ಟೇ ಪಟ್ಟು ಹೆಚ್ಚುತ್ತದೆ. ಸವಾರ ನಿಂತ ಭಂಗಿಯಲ್ಲಿದ್ದಾಗ ಗಾಲಿಯ ಈ ಆಟದ, ಅಂದರೆ ಟ್ರಾವೆಲ್ಲಿನ, ಶೇಕಡಾ 30ರಷ್ಟು ತಗ್ಗಿರಬೇಕು. ಅದಕ್ಕೆ ಸ್ಯಾಗ್ ಎನ್ನುತ್ತಾರೆ. ಈ ತಗ್ಗು ಇರುವುದರಿಂದಲೇ ಗಾಲಿ ಗುಂಡಿಯೊಳಕ್ಕೂ ಇಳಿಯಬಲ್ಲದು. ಇಲ್ಲದಿದ್ದರೆ ಗುಂಡಿಯ ಮೇಲೆ ಹಾರಿಹೋಗುತ್ತದೆ. ಹೆಲ್ಮೆಟ್, ಪ್ಯಾಡು ಎಲ್ಲ ಸೇರಿ 80 ಕೆ.ಜಿ. ತೂಗುವವರಿಗೆ ಇಂಥ ಫ್ರೇಮಿನಲ್ಲಿ ಇಂಚಿಗೆ 400 ಪೌಂಡಿನ ಆಸುಪಾಸಿನ ಸ್ಪ್ರಿಂಗು ಬೇಕಾದೀತು, 60 ಕೆ.ಜಿ.ಯವರಿಗೆ 300ರ ಹತ್ತಿರದ್ದು. ತನಗೆ ಸಲ್ಲದ ಸ್ಪ್ರಿಂಗಿನ ಮೇಲೆ ಕೂತವರಿಗೆ ಜಗತ್ತಿನ ಅತ್ಯುತ್ತಮ ಡ್ಯಾಂಪರ್ ಕೊಟ್ಟರೂ ಅದು ತಪ್ಪು ಜಾಗದಲ್ಲೇ ಕೆಲಸ ಮಾಡುತ್ತಿರುತ್ತದೆ. ಸ್ಪ್ರಿಂಗಿನ ಬೆಲೆಯಾದರೋ ಫೋರ್ಕಿನ ಬೆಲೆಯಲ್ಲಿ ಒಂದು ಸಣ್ಣ ಭಾಗ.

ಡ್ಯಾಂಪರ್ ಎಂದರೇನು ಎಂಬುದನ್ನು ಬ್ಯಾಂಕಿನ ಬಾಗಿಲ ಮೇಲಿನ ಡೋರ್ ಕ್ಲೋಸರ್ ನೋಡಿ ತಿಳಿಯಬಹುದು. ಮೆಲ್ಲಗೆ ದೂಡಿದರೆ ಬಿಟ್ಟುಕೊಡುತ್ತದೆ, ರಭಸದಿಂದ ದೂಡಿದರೆ ತಡೆಯುತ್ತದೆ. ಒಳಗಿನ ಎಣ್ಣೆ ಸಣ್ಣ ಕಂಡಿಯಲ್ಲಿ ಹಾಯಬೇಕಾದದ್ದೇ ಕಾರಣ. ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬುದಕ್ಕೆ ಉತ್ತರ ಕೊಡುತ್ತದೆ, ಡ್ಯಾಂಪರ್ ಎಷ್ಟು ವೇಗವಾಗಿ ಕುಗ್ಗುತ್ತಿದೆ ಎಂಬುದಕ್ಕೆ. ದುಬಾರಿ ಶಾಕುಗಳಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಎಂದು ಎರಡೆರಡು ತಿರುಪು ಇರುತ್ತವೆ. ಈ ಸ್ಪೀಡು ಸೈಕಲ್ಲಿನದು ಎಂದುಕೊಂಡವರು ಅನೇಕರು. ಅಲ್ಲ, ಅದು ಶಾಕಿನ ದಂಡ ಸರಿಯುವ ವೇಗ. ಗಂಟೆಗೆ 60 ಕಿಲೋಮೀಟರಿನಲ್ಲಿ ಬಾಗು ತಿರುವಿನ ದಂಡೆಗೆ ಒರಗಿದಾಗ ದಂಡ ನಿಧಾನವಾಗಿಯೇ ಸರಿಯುತ್ತದೆ. ನಡಿಗೆಯ ವೇಗದಲ್ಲಿ ಮರದ ಬೇರಿನ ಚೌಕ ಅಂಚಿಗೆ ಬಡಿದರೂ ಜೋರಾಗಿ ಸರಿಯುತ್ತದೆ. ಇದು ತಲೆಗೆ ಹತ್ತದವರು ತಿರುವಿನಲ್ಲಿ ಸೈಕಲ್ ಕುಸಿಯಿತೆಂದು ಹೈ ಸ್ಪೀಡ್ ಬಿಗಿಮಾಡುತ್ತಾರೆ. ತಿರುವಿನ ಕುಸಿತ ಹಾಗೇ ಉಳಿದು ಬೇರುಗಳ ಮೇಲೆ ಕೈ ಮರಗಟ್ಟುತ್ತದೆ.

ರಿಬೌಂಡಿನದು ಇನ್ನೂ ಸೂಕ್ಷ್ಮ. ಕುಗ್ಗಿದ ಗಾಲಿ ಮತ್ತೆ ಹೊರಬರುವ ವೇಗ ಅದು. ತೀರಾ ಚುರುಕಾದರೆ ಜಿಗಿತದ ಬಾಯಲ್ಲಿ ಹಿಂದಿನ ಗಾಲಿ ಒದ್ದು ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಈ ಭಯಕ್ಕೆ ಹೊಸಬರು ಅದನ್ನು ತೀರಾ ನಿಧಾನಮಾಡುತ್ತಾರೆ. ಆಗ ಒಂದರ ಹಿಂದೊಂದು ಕಲ್ಲು ಬಂದಾಗ ಮೊದಲನೆಯದರಿಂದ ಗಾಲಿ ಚೇತರಿಸಿಕೊಳ್ಳುವ ಮುನ್ನವೇ ಎರಡನೆಯದು ಬಡಿದಿರುತ್ತದೆ, ನಾಲ್ಕನೆಯ ಕಲ್ಲಿಗೆ 200 ಮಿಲಿಮೀಟರಿನ ಸೈಕಲ್ಲಿನಲ್ಲಿ ಉಳಿದಿರುವುದು 80. ಸವಾರ ಟ್ರಾವೆಲ್ ಸಾಲದು ಎಂದು ಗೊಣಗುತ್ತಾನೆ, ಹೊಸ ಫೋರ್ಕಿಗೆ ದುಡ್ಡು ಕೂಡಿಸುತ್ತಾನೆ. ರಿಬೌಂಡಿನ ತಿರುಪನ್ನು ಎರಡು ಕ್ಲಿಕ್ ತಿರುಗಿಸಿದರೆ ಮುಗಿಯುತ್ತಿದ್ದ ಕೆಲಸ. ಒಂದು ಸಲಕ್ಕೆ ಒಂದೇ ತಿರುಪು, ಒಂದೇ ಇಳಿಜಾರು, ಚೀಟಿಯಲ್ಲಿ ಬರೆದಿಡುವುದು: ಇಷ್ಟು ಶಿಸ್ತಿಗೆ ಬೇಕಾದದ್ದು ಒಂದು ಪೆನ್ನು, ಒಂದು ಶಾಕ್ ಪಂಪು. ವಿಶ್ವಕಪ್ ತಂಡಗಳು ಫೋರ್ಕಿಗೆ ಸಂವೇದಕ ಕಟ್ಟಿ ಕಂಪ್ಯೂಟರಿನಲ್ಲಿ ಗೆರೆ ಬಿಡಿಸಿ ನೋಡುವುದೂ ಇದನ್ನೇ.

ಟ್ರಾವೆಲ್ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಒಂದು ಕಾಲದಲ್ಲಿ ಕಾರಣವಿತ್ತು. 1989ರಲ್ಲಿ ಪಾಲ್ ಟರ್ನರ್ ಹೊರತಂದ ರಾಕ್‌ಶಾಕ್ಸ್ ಆರ್‌ಎಸ್-1 ಫೋರ್ಕಿನ ಆಟ ಎರಡು ಇಂಚೂ ಇರಲಿಲ್ಲ. ಮರುವರ್ಷ ಕೊಲರಾಡೋದ ಡುರಾಂಗೊದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಫೋರ್ಕ್ ಹಾಕಿಕೊಂಡೇ ಡೌನ್‌ಹಿಲ್ ಗೆದ್ದರು. ಅಲ್ಲಿಂದ ಹತ್ತು ಹದಿನೈದು ವರ್ಷ ಪ್ರತಿ ಇಂಚಿಗೂ ಬೆಲೆಯಿತ್ತು. ಸಾಂಟಾ ಕ್ರೂಜ್ ಕಂಪನಿಯ ವಿ10 ಹೆಸರು ಪಡೆದದ್ದೇ ಹಿಂದಿನ ಗಾಲಿಯ 10 ಇಂಚಿನ ಟ್ರಾವೆಲ್ಲಿನಿಂದ. 2009ರಲ್ಲಿ ಕ್ಯಾನ್‌ಬೆರಾದಲ್ಲಿ ಸ್ಟೀವ್ ಪೀಟ್ ಕೊನೆಗೂ ವಿಶ್ವ ಚಾಂಪಿಯನ್ ಆದದ್ದು ವಿ10 ಮೇಲೆಯೇ. ಮುಂದಿನ ಆವೃತ್ತಿಗಳಲ್ಲಿ ಅದೇ ಕಂಪನಿ ಟ್ರಾವೆಲ್ಲನ್ನು ಇಳಿಸುತ್ತ ಬಂದು ಎಂಟು ಇಂಚಿನ ಚಿಲ್ಲರೆಗೆ ತಂದಿತು. ಹೆಸರು ಮಾತ್ರ ಉಳಿಯಿತು. ಫ್ರೇಮಿನ ರೇಖಾಗಣಿತ, ಹಿಂದಿನ ಗಾಲಿಯನ್ನು ಶಾಕಿಗೆ ಜೋಡಿಸುವ ಲಿಂಕುಗಳ ಹೊಂದಾಣಿಕೆ, ಡ್ಯಾಂಪರ್, ಟೈರು ಸುಧಾರಿಸಿದ ಮೇಲೆ ಹೆಚ್ಚಿನ ಇಂಚುಗಳಿಂದ ಭಾರ, ಜೋಲಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ದೊಡ್ಡ ಗಾಲಿಯೂ ಇದೇ ಕೆಲಸಕ್ಕೆ ನೆರವಾಯಿತು. 2017ರಲ್ಲಿ ಗ್ರೆಗ್ ಮಿನ್ನಾರ್ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ 29 ಇಂಚಿನ ಗಾಲಿಯ ಮೇಲೆ ಗೆದ್ದಾಗ ಡೌನ್‌ಹಿಲ್ಲಿಗೆ ಸಣ್ಣ ಗಾಲಿಯೇ ಸರಿ ಎಂಬ ಹಟ ಸಡಿಲಗೊಂಡಿತು. ದೊಡ್ಡ ಗಾಲಿ ಗುಂಡಿಗೆ ಕಡಿಮೆ ಬೀಳುತ್ತದೆ, ಕಲ್ಲಿನ ಅಂಚಿಗೆ ಓರೆಯಾಗಿ ತಾಗುತ್ತದೆ. ಶಾಕಿಗೆ ಹೋಗುವ ಮುನ್ನವೇ ಪೆಟ್ಟು ಸಣ್ಣದಾಗುತ್ತದೆ.

ಇಡೀ ಸೈಕಲ್ಲನ್ನು ಒಂದೇ ಯೋಚನೆಯಾಗಿ ಕಟ್ಟಿದ ಉದಾಹರಣೆಯನ್ನು ಹುಡುಕಿದರೆ ನನಗೆ ಕಾಣುವುದು ಹೋಂಡಾದ ಆರ್‌ಎನ್01. 2004ರಿಂದ 2007ರವರೆಗೆ ರೇಸಿಗಿಳಿದ, ಅಂಗಡಿಗೆ ಎಂದೂ ಬಾರದ ಸೈಕಲ್ಲು. ಫೋರ್ಕು, ಶಾಕು ಎರಡೂ ಶೋವಾ ಕಂಪನಿಯವು. ನಮ್ಮೂರ ಹೀರೋ ಹೋಂಡಾ ಬೈಕುಗಳಿಗೆ ಮುಂಜಾಲ್ ಶೋವಾ ಶಾಕಪ್ ಬರುತ್ತಿತ್ತಲ್ಲ, ಅದೇ ಶೋವಾ. ಗೇರುಗಳನ್ನು ಹಿಂದಿನ ಗಾಲಿಯಿಂದ ಕಿತ್ತು ಫ್ರೇಮಿನ ನಡುವಿನ ಪೆಟ್ಟಿಗೆಯಲ್ಲಿಟ್ಟದ್ದು ಅದರ ದೊಡ್ಡ ಗುಟ್ಟು. ಪೆಟ್ಟಿಗೆಯೊಳಗೆ ಏನಿದೆಯೆಂದು ಎಲ್ಲರೂ ತಲೆಕೆಡಿಸಿಕೊಂಡರು. ಇದ್ದದ್ದು ಡಿರೇಲರ್ ಮತ್ತು ಕ್ಯಾಸೆಟ್ಟು, ಸೈಕಲ್ಲಿನ ಎಂದಿನ ಸಾಮಾನೇ. ಹೊಸತೆಂದರೆ ಅದನ್ನಿಟ್ಟ ಜಾಗ. ಹಿಂದಿನ ಗಾಲಿಯ ಜೊತೆ ಕುಣಿಯುವ ಭಾರ ಕಡಿಮೆಯಾದಷ್ಟೂ ಸ್ಪ್ರಿಂಗು ಆ ಗಾಲಿಯನ್ನು ಬೇಗ ನೆಲಕ್ಕೆ ಮರಳಿಸಬಲ್ಲದು. ಮಿನ್ನಾರ್ 2005ರಲ್ಲಿ ಇದರ ಮೇಲೆ ವಿಶ್ವಕಪ್ಪಿನ ಒಟ್ಟಾರೆ ಪಟ್ಟ ಗೆದ್ದರು. ಇದನ್ನು ಮಾರಾಟಕ್ಕೆ ತರದೆ ಹೋಂಡಾ ಕೈಬಿಟ್ಟದ್ದು ಡೌನ್‌ಹಿಲ್ ಇತಿಹಾಸದ ದೊಡ್ಡ ನಷ್ಟಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ. ಗೇರ್‌ಬಾಕ್ಸ್ ಡೌನ್‌ಹಿಲ್ ಸೈಕಲ್ಲು ಇಂದಿಗೂ ಅಪರೂಪ. ಬದಲಿಗೆ ಚೈನಿನ ಎಳೆತ ಸಸ್ಪೆನ್ಷನ್ನಿಗೆ ಅಡ್ಡಬರದಂತೆ ಹಿಂದಿನ ಗಾಲಿಯ ತೋಳು ತಿರುಗುವ ಪಿವಟ್ಟನ್ನು ಮೇಲೆತ್ತಿ ಚೈನನ್ನು ಐಡ್ಲರ್ ಗಾಲಿಯ ಮೇಲೆ ಹಾಯಿಸುವ ವಿನ್ಯಾಸ ಬಂದಿದೆ. ಅಂಡೋರಾದ ಕೊಮೆನ್ಸಾಲ್ ಕಂಪನಿಯ ಸುಪ್ರೀಮ್ ಈ ಜಾತಿಯದು. 2018ರ ವಿಶ್ವಕಪ್ ಪಟ್ಟವನ್ನು ಅಮೊರಿ ಪಿಯೆರೊನ್ ಗೆದ್ದದ್ದು ಅದರ ಮೇಲೆ. ಚೈನೇ ಇಲ್ಲದೆ ಇಳಿದ ಗ್ವಿನ್‌ರ ಹಿಂದಿನ ಗಾಲಿಗೆ ಅಂದು ಇಂಥ ಎಳೆತ ಒಂದಿಷ್ಟೂ ಇರಲಿಲ್ಲ ಎಂಬುದನ್ನು ಬಲ್ಲ ಮೆಕ್ಯಾನಿಕ್ಕುಗಳು ಆ ಓಟವನ್ನು ಬಹಳ ಗಮನವಿಟ್ಟು ನೋಡಿದ್ದಾರೆ.

ಆರ್‌ಎನ್01ಗೆ ನೇರ ವಿರುದ್ಧವಾದದ್ದು ಟ್ರೇಲ್ ಫ್ರೇಮಿಗೆ 200 ಮಿಲಿಮೀಟರಿನ ಡ್ಯುಯಲ್ ಕ್ರೌನ್ ಫೋರ್ಕ್ ಸಿಗಿಸುವ ಚಟ. ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಫೋರ್ಕಿನ ಉದ್ದ 20 ಮಿಲಿಮೀಟರ್ ಹೆಚ್ಚಿದರೆ ಹ್ಯಾಂಡಲ್ಲಿನ ಕೊಳವೆಯ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಪೆಡಲಿನ ಅಚ್ಚು ಮೇಲೇಳುತ್ತದೆ, ಸವಾರನ ಭಾರ ಹಿಂದಕ್ಕೆ ಸರಿದು ಮುಂದಿನ ಟೈರಿಗೆ ಹಿಡಿತ ತಪ್ಪುತ್ತದೆ. ಅದಕ್ಕಿಂತ ಅಪಾಯದ್ದೆಂದರೆ ಆ ಉದ್ದದ ಗಡುಸು ಫೋರ್ಕು ಸನ್ನೆಗೋಲಾಗಿ ಹೆಡ್ ಟ್ಯೂಬಿನ ಬೆಸುಗೆಯನ್ನು ಮೀಟುವುದು. ಫ್ರೇಮ್ ತಯಾರಕರು ಗರಿಷ್ಠ ಟ್ರಾವೆಲ್ ಇಷ್ಟೇ ಎಂದು ಬರೆದಿರುವುದು ಇದೇ ಕಾರಣಕ್ಕೆ. ಅಲ್ಲಿ ಬಿರುಕು ಬಿಟ್ಟರೆ ಬೀಳುವುದು ಮುಖದ ಮೇಲೆ.

ಕಾಯಿಲ್ ಒಳ್ಳೆಯದೋ ಏರ್ ಒಳ್ಳೆಯದೋ ಎಂಬ ಜಗಳಕ್ಕೂ ಫ್ರೇಮನ್ನು ನೋಡದೆ ಉತ್ತರವಿಲ್ಲ. ಉಕ್ಕಿನ ಸುರುಳಿ ಮೊದಲಿಂದ ಕೊನೆವರೆಗೆ ಒಂದೇ ಲೆಕ್ಕದಲ್ಲಿ ಬಿಗಿಯಾಗುತ್ತ ಹೋಗುತ್ತದೆ. ಗಾಳಿ ಕೊನೆಗೆ ಬಂದಂತೆ ಥಟ್ಟನೆ ಗಟ್ಟಿಯಾಗುತ್ತದೆ. ಲಿಂಕುಗಳೇ ಕೊನೆಯಲ್ಲಿ ಗಟ್ಟಿಯಾಗುವಂತೆ ರಚಿಸಿದ ಫ್ರೇಮಿಗೆ ಕಾಯಿಲ್ ಹಾಕಿದರೆ ಸಣ್ಣ ಕಲ್ಲುಗಳ ಮೇಲೂ ಗಾಲಿ ಹರಿಯುತ್ತದೆ. ಹಾಗೆ ರಚಿಸದ ಫ್ರೇಮಿಗೆ ಅದೇ ಕಾಯಿಲ್ ಹಾಕಿದರೆ ಪ್ರತಿ ಜಿಗಿತಕ್ಕೂ ತಳ ಬಡಿಯುತ್ತದೆ. ನನಗೆ ಡೌನ್‌ಹಿಲ್ಲಿನಲ್ಲಿ ಹಿಂದಕ್ಕೆ ಕಾಯಿಲ್ಲೇ ಇಷ್ಟ. ಉದ್ದ ಇಳಿಜಾರಿನಲ್ಲಿ ಗಾಳಿ ಕಾದು ಉಬ್ಬಿ ಸ್ವಭಾವ ಬದಲಿಸುತ್ತದೆ, ಉಕ್ಕು ಬದಲಿಸುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿಗೆ? ಮೊದಲು ಟೈರಿಗೆ: ಎರಡು ಪದರದ ಗಟ್ಟಿ ಕೇಸಿಂಗು, ಮೆತ್ತನೆಯ ರಬ್ಬರು, ಟ್ಯೂಬ್‌ಲೆಸ್. ಗಾಳಿಯನ್ನು ಪಿಎಸ್ಐ ಒಂದೊಂದಾಗಿ ಇಳಿಸಿ ನೋಡಬೇಕು. ಸಣ್ಣ ಕಲ್ಲಿಗೆ ಮೊದಲು ಉತ್ತರ ಕೊಡುವ ಸಸ್ಪೆನ್ಷನ್ ಟೈರೇ. ಆಮೇಲೆ ಸರಿಯಾದ ಸ್ಪ್ರಿಂಗು. ಆಮೇಲೆ ಸರ್ವಿಸು. ಫೋರ್ಕಿನ ಕೆಳಗಿನ ಕಾಲುಗಳನ್ನು ಕಳಚಿ, ತೊಳೆದು, ಎಣ್ಣೆ ಬದಲಿಸುವ ಕೆಲಸವನ್ನು 50 ಗಂಟೆ ಸವಾರಿಗೊಮ್ಮೆ ಮಾಡಬೇಕೆಂದು ರಾಕ್‌ಶಾಕ್ಸ್ ತಾನೇ ಹೇಳುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳಿಗೆ ಅದಕ್ಕಿಂತ ಮುಂಚೆಯೇ ಮಾಡಿದರೆ ಒಳಿತು. ಸೀಲು ಒಣಗಿದ ಹೊಸ ಫೋರ್ಕಿಗಿಂತ ಎಣ್ಣೆ ತಾಜಾ ಇರುವ ಹತ್ತು ವರ್ಷದ ಫೋರ್ಕು ಮೇಲು. ಇಷ್ಟಾದ ಮೇಲೂ ಕೊರತೆ ಕಂಡರೆ ಡ್ಯಾಂಪರಿನೊಳಗಿನ ಶಿಮ್‌ಗಳನ್ನು, ಅಂದರೆ ಎಣ್ಣೆಯ ದಾರಿಗೆ ಅಡ್ಡ ನಿಂತು ಬಾಗುವ ತೆಳು ಉಕ್ಕಿನ ಬಿಲ್ಲೆಗಳನ್ನು, ಸವಾರನ ತೂಕಕ್ಕೆ ತಕ್ಕಂತೆ ಮರುಜೋಡಿಸಬಹುದು. ಕಾರ್ಖಾನೆ ಶಾಕನ್ನು ಒಂದು ಸರಾಸರಿ ಮೈತೂಕಕ್ಕೆ ಹೊಂದಿಸಿ ಕಳಿಸುತ್ತದೆ. ಸಣ್ಣ ಮೈಕಟ್ಟಿನವರು, ಹುಡುಗಿಯರು ಇದರಿಂದ ಕಷ್ಟಪಡುವುದು ಹೆಚ್ಚು. ಅವರಿಗೆ ಕ್ಲಿಕ್ಕುಗಳನ್ನು ಪೂರ್ತಿ ಬಿಚ್ಚಿದರೂ ಶಾಕು ಬಿಗಿಯೇ. ಹೊಸ ಫೋರ್ಕು ಈ ಸಾಲಿನ ಕೊನೆಗೆ ಬರಲಿ.

ಸವಾರರ ಅಜ್ಞಾನವೊಂದನ್ನೇ ದೂರುವುದು ನ್ಯಾಯವಲ್ಲ. ಕಂಪನಿಗಳು ಅಳತೆಗಳನ್ನು ಬದಲಿಸುತ್ತಲೇ ಇರುತ್ತವೆ. ಹಿಂದಿನ ಹಬ್ 150 ಮಿಲಿಮೀಟರ್ ಇದ್ದದ್ದು 157 ಆಯಿತು, ಮುಂದಿನದಕ್ಕೆ ಬೂಸ್ಟ್ ಎಂಬ ಅಳತೆ ಬಂತು, ಇಂಚಿನಲ್ಲಿ ಅಳೆಯುತ್ತಿದ್ದ ಶಾಕಿನ ಉದ್ದಕ್ಕೆ 2016ರಿಂದ ಮೆಟ್ರಿಕ್ ಅಳತೆಗಳು ಬಂದವು. ಒಂದೊಂದಕ್ಕೂ ಎಂಜಿನಿಯರುಗಳು ಕಾರಣ ಕೊಟ್ಟಿದ್ದಾರೆ, ಕೆಲವು ಒಪ್ಪುವಂಥವೇ. ಆದರೆ ಗಟ್ಟಿಮುಟ್ಟಾದ ಹಳೆಯ ಫ್ರೇಮಿಗೆ ಹೊಸ ಶಾಕ್ ಕೂರದಿದ್ದರೆ ಆ ಫ್ರೇಮು ಗುಜರಿಗೆ ಹೋಗುತ್ತದೆ. ದುಡ್ಡಿರುವವರು ಹೊಸ ಸೈಕಲ್ ಕೊಳ್ಳುತ್ತಾರೆ, ಇಲ್ಲದವರು ಆಟವನ್ನೇ ಬಿಡುತ್ತಾರೆ.

ಬೆಂಗಳೂರಿನ ಸವಾರರಿಗೆ ಈ ಪ್ರಶ್ನೆ ಇನ್ನೊಂದು ಬಗೆಯದು. ತುರಹಳ್ಳಿಯ ಬಂಡೆಗಳು, ಅವಲಹಳ್ಳಿಯ ನೀಲಗಿರಿ ನೆಡುತೋಪಿನ ಕಾಲುದಾರಿಗಳು ಸೈಕಲ್ ಓಡಿಸಲು ಸೊಗಸು. ಆದರೆ ಅಲ್ಲಿ ಮೇಲಕ್ಕೊಯ್ಯುವ ಲಿಫ್ಟಿಲ್ಲ, ಇಳಿಜಾರು ನಿಮಿಷಗಳಲ್ಲಿ ಮುಗಿಯುತ್ತದೆ. ಪಶ್ಚಿಮ ಘಟ್ಟದ ಉದ್ದ ಇಳಿಜಾರುಗಳು ಬಹುಪಾಲು ರಕ್ಷಿತ ಅರಣ್ಯದೊಳಗೋ ಕಾಫಿ ತೋಟದ ಬೇಲಿಯೊಳಗೋ ಇವೆ. ಇಂಥ ಕಡೆ 17 ಕೆ.ಜಿ.ಯ ಡೌನ್‌ಹಿಲ್ ಸೈಕಲ್ ಕಟ್ಟಿ ಏದುತ್ತ ಹತ್ತಿಸುವುದಕ್ಕಿಂತ 150 ಮಿಲಿಮೀಟರಿನ ಟ್ರೇಲ್ ಸೈಕಲ್ಲಿಗೆ ಒಳ್ಳೆಯ ಟೈರು, ತನ್ನ ತೂಕಕ್ಕೆ ಹೊಂದಿಸಿದ ಶಾಕು ಸಾಕು. ನಮಗೆ ನಿಜಕ್ಕೂ ಬೇಕಾಗಿರುವುದು ಶಾಕ್ ಬಿಚ್ಚಿ, ಸಾರಜನಕ ತುಂಬಿ, ಶಿಮ್ ಬದಲಿಸಿ ಮತ್ತೆ ಮುಚ್ಚಬಲ್ಲ ಕೈಗಳು. ಆ ಕೈಗಳು ಊರಲ್ಲಿ ಇಲ್ಲವೆಂದಲ್ಲ. ಮೋಟರ್‌ಸೈಕಲ್ ಫೋರ್ಕಿನ ಸೀಲು ಬದಲಿಸುತ್ತ ಬೆಳೆದ ಮೆಕ್ಯಾನಿಕ್ಕುಗಳು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಎಣ್ಣೆ, ಕಂಡಿ, ಸ್ಪ್ರಿಂಗಿನ ತತ್ವ ಅವರಿಗೆ ಹೊಸತಲ್ಲ. ಅವರ ಕೈಗೆ ಸೀಲ್ ಕಿಟ್ಟುಗಳೂ ಕಂಪನಿಯ ಸರ್ವಿಸ್ ಪುಸ್ತಕವೂ ಕನ್ನಡದಲ್ಲಿ ಒಂದು ತಿಂಗಳ ತರಬೇತಿಯೂ ಸಿಕ್ಕರೆ, ಹೊಸ ಫೋರ್ಕಿಗೆಂದು ಕೂಡಿಸಿಟ್ಟ ದುಡ್ಡಿನ ಒಂದು ಪಾಲು ಅವರಿಗೆ ಹೋಗಲಿ.