ನೀರಿಳಿದಾಗ ಕಾಣುವ ಚಿತ್ರ

ಡಚ್ ಚಿತ್ರಕಾರ ಹೆಂಡ್ರಿಕ್ ಅವರ್‌ಕಾಂಪ್ ಸುಮಾರು 1608ರಲ್ಲಿ ಬರೆದ ಚಳಿಗಾಲದ ಚಿತ್ರ ಮೊದಲ ನೋಟಕ್ಕೆ ಒಂದು ಜಾತ್ರೆ. ಹೆಪ್ಪುಗಟ್ಟಿದ ನೀರಿನ ಮೇಲೆ ಊರಿಗೆ ಊರೇ ಜಾರಾಡುತ್ತಿದೆ. ಕೆಳಗೆ ಎಡಮೂಲೆಯಲ್ಲಿ ಮಾತ್ರ ಕೋಲು ಕೊಟ್ಟು ಓರೆಯಾಗಿ ನಿಲ್ಲಿಸಿದ ಹಳೆಯ ಬಾಗಿಲೊಂದಿದೆ. ಅದು ಹಕ್ಕಿ ಹಿಡಿಯುವ ಬೋನು. ಕಾಳಿಗೆ ಬಂದ ಹಕ್ಕಿಗೂ ಮಂಜುಗಡ್ಡೆಯ ಮೇಲೆ ಮೈಮರೆತ ಮನುಷ್ಯನಿಗೂ ಅಪಾಯ ಒಂದೇ ಎಂಬ ಅರ್ಥವನ್ನು ಹಲವು ವಿಮರ್ಶಕರು ಅದರಲ್ಲಿ ಕಂಡಿದ್ದಾರೆ.

ಇಂಥ ಚಿತ್ರಗಳಲ್ಲಿ ಪಳಗಿದ ಕಣ್ಣಿಗೆ ತಮಿಳುನಾಡಿನ ಮೆಟ್ಟೂರು ಕೂಡ ಬೇರೆಯಾಗಿ ಕಾಣುತ್ತದೆ. ಅಲ್ಲಿ ಕಾವೇರಿಗೆ ಕಟ್ಟಿ 1934ರಲ್ಲಿ ಮುಗಿಸಿದ ಅಣೆಕಟ್ಟಿನಲ್ಲಿ ನೀರು 120 ಅಡಿ ಮುಟ್ಟಿದಾಗ ಸ್ಟ್ಯಾನ್ಲಿ ಜಲಾಶಯವೆಂದರೆ ಬರೀ ನೀರು, ಬೆಟ್ಟ, ಆಕಾಶ. ಕಾವೇರಿ ಸೊರಗಿದ ವರ್ಷ ಪಣ್ಣವಾಡಿಯ ಬಳಿ ಮುಳುಗಿದ್ದ ಚರ್ಚಿನ ಜೋಡಿ ಗೋಪುರ ತಲೆಯೆತ್ತುತ್ತದೆ, ಮುಳುಗಿದ ಜಲಕಂಠೇಶ್ವರನ ಗುಡಿಯ ನಂದಿಯೂ ಹೊರಬರುತ್ತದೆ. ಅವರ್‌ಕಾಂಪ್ ಅರ್ಥವನ್ನು ಮೂಲೆಯಲ್ಲಿಟ್ಟ. ಇಲ್ಲಿ ಅದು ತಳದಲ್ಲಿದೆ. ಜಲಾಶಯಕ್ಕಾಗಿ ನೆಲ ಬಿಟ್ಟೆದ್ದ ಊರಿನವರ ನೆನಪೂ ಆ ನಂದಿಯೇ, ತಂಜಾವೂರಿನ ಗದ್ದೆಗೆ ಈ ಸಲ ನೀರು ಸಾಲದೆಂಬ ಸೂಚನೆಯೂ ಆ ನಂದಿಯೇ. ಚಿತ್ರವನ್ನೂ ಜಲಾಶಯವನ್ನೂ ಎರಡೆರಡು ಸಲ ನೋಡಬೇಕು: ಮೊದಲು ಚೆಲುವಿಗಾಗಿ, ಆಮೇಲೆ ಆ ಚೆಲುವಿಗೆ ತೆತ್ತ ಬೆಲೆಗಾಗಿ.