ಗಡಿಯಾಚೆಗೆ ಹೋಗುವ ಮಗು: ಅವಿವಾಹಿತ ತಂದೆತಾಯಿಗಳ ಪಾಲಕತ್ವವನ್ನು ಕುರಿತ ವಿಧಿಗಳ ವಿಮರ್ಶೆ

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯದ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ ಮೊದಲಾದ ಭಾಗಗಳು ಮೈಸೂರಿಗೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು ಆಂಧ್ರಪ್ರದೇಶಕ್ಕೂ ಸೇರಿದವು. ನೆಲ ಹಂಚಿಹೋದರೂ ನೆಂಟಸ್ತಿಕೆ ಹಂಚಿಹೋಗಲಿಲ್ಲ. ಔರಾದಿನವರಿಗೆ ಉದಗೀರು ಇಂದಿಗೂ ನೆರೆಯೂರೇ ಆಗಿದೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯಿದೆ ಜಾರಿಗೆ ಬಂದಿತ್ತು. ಮದುವೆಯಾಗದ ತಂದೆತಾಯಿಗಳಲ್ಲಿ ಒಬ್ಬರು ಮಗುವನ್ನು ಕರೆದುಕೊಂಡು ಈ ಗಡಿಯನ್ನು ದಾಟಿದರೆ ಕಾನೂನಿನ ನಿಲುವೇನು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ಕಾಯಿದೆಯ 6ನೆಯ ಕಲಮಿನಂತೆ ವಿವಾಹಬಾಹಿರವಾಗಿ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಸಹಜ ಪಾಲಕಳು. ತಂದೆಯ ಸ್ಥಾನ ಅನಂತರದ್ದು. ಆಕೆ ಔರಾದಿನಿಂದ ಉದಗೀರಿಗೆ ಮನೆ ಬದಲಿಸುವಾಗ ತಂದೆಯ ಒಪ್ಪಿಗೆಯನ್ನು ಪಡೆಯಬೇಕೆಂದು ಕಾಯಿದೆ ಎಲ್ಲಿಯೂ ಹೇಳಿಲ್ಲ. ಆದರೆ ಮಗುವಿನ ಹಿತವೇ ಪರಮ ಪರಿಗಣನೆಯೆಂದು 13ನೆಯ ಕಲಮು ಸಾರುವುದರಿಂದ, ಆಕ್ಷೇಪವುಳ್ಳ ತಂದೆಗೆ ನ್ಯಾಯಾಲಯದ ಬಾಗಿಲು ಮುಚ್ಚಿಲ್ಲ. 2015ರಲ್ಲಿ ಅವಿವಾಹಿತ ಕ್ರೈಸ್ತ ತಾಯಿಯೊಬ್ಬಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಗುವಿನ ಬಗೆಗೆ ಆಸ್ಥೆ ತೋರದ ತಂದೆಗೆ ನೋಟೀಸು ಕೊಡದೆಯೇ ಆಕೆಯ ಪಾಲಕತ್ವದ ಅರ್ಜಿಯನ್ನು ವಿಚಾರಿಸಬಹುದೆಂದು ತೀರ್ಪಿತ್ತಿತು.

ನ್ಯಾಯಾಲಯವೇ ನೇಮಿಸಿದ ಪಾಲಕರ ವಿಷಯ ಬೇರೆ. 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆಯ 26ನೆಯ ಕಲಮಿನಂತೆ ಇವರು ಅಪ್ಪಣೆಯಿಲ್ಲದೆ ಮಗುವನ್ನು ಆ ನ್ಯಾಯಾಲಯದ ಅಧಿಕಾರವ್ಯಾಪ್ತಿಯ ಹೊರಗೆ ಸಾಗಿಸುವಂತಿಲ್ಲ. ಇಲ್ಲಿ ಅಳತೆಗೋಲು ರಾಜ್ಯದ ಗಡಿಯಲ್ಲ. ಬೀದರಿನ ಜಿಲ್ಲಾ ನ್ಯಾಯಾಲಯ ನೇಮಿಸಿದ ಪಾಲಕರು ಭಾಲ್ಕಿಗೆ ಹೋಗಲು ಸ್ವತಂತ್ರರು. ಉದಗೀರಿಗೆ ಹೋಗುವುದಕ್ಕೆ ಬೇಕಾಗುವಂತೆಯೇ ಕರ್ನಾಟಕದೊಳಗಿನ ಕಲಬುರಗಿಗೆ ಹೋಗುವುದಕ್ಕೂ ಅಪ್ಪಣೆ ಬೇಕು. ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂಬುದನ್ನು 9ನೆಯ ಕಲಮು ಮಗು 'ಸಾಮಾನ್ಯವಾಗಿ ವಾಸಿಸುವ' ಸ್ಥಳದಿಂದ ನಿರ್ಣಯಿಸುತ್ತದೆ. ತಾಯಿ ಹೈದರಾಬಾದಿನಲ್ಲಿ ಕೂಲಿಗೆ ನಿಂತು, ಮಗು ವರ್ಷದಲ್ಲಿ ಕೆಲವು ತಿಂಗಳು ಭಾಲ್ಕಿಯ ಅಜ್ಜಿಯ ಮನೆಯಲ್ಲಿ ಬೆಳೆದರೆ ಅದರ ಸಾಮಾನ್ಯ ವಾಸ ಯಾವುದು? ಇದು ಆಯಾ ಮೊಕದ್ದಮೆಯ ಸಂಗತಿಗಳಿಂದಲೇ ತೀರ್ಮಾನವಾಗಬೇಕು.

ನಮ್ಮ ಮುಖ್ಯ ಆಕ್ಷೇಪ ಇರುವುದು ಬೇರೆಡೆಯಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೆಯ ಕಲಮು, ಹಳೆಯ ದಂಡಸಂಹಿತೆಯ 361ನೆಯ ಕಲಮಿನಲ್ಲಿದ್ದ ವಿನಾಯಿತಿಯನ್ನೇ ಉಳಿಸಿಕೊಂಡಿದೆ. ವಿವಾಹಬಾಹಿರ ಮಗುವಿಗೆ ತಾನೇ ತಂದೆಯೆಂದು ಸದ್ಭಾವದಿಂದ ನಂಬಿದವನು ಮಗುವನ್ನು ಒಯ್ದರೆ, ಉದ್ದೇಶ ಅನೈತಿಕವೋ ಕಾನೂನುಬಾಹಿರವೋ ಆಗಿರದ ಹೊರತು, ಅದು ಪಾಲಕರ ವಶದಿಂದ ಮಾಡಿದ ಅಪಹರಣವಾಗದು. ಒಂದು ಕಾಯಿದೆ ತಾಯಿಗೆ ಕೊಟ್ಟ ಅಗ್ರಸ್ಥಾನ ಇನ್ನೊಂದರ ಮುಂದೆ ನಿಸ್ಸಹಾಯಕವಾಗಿ ನಿಲ್ಲುತ್ತದೆ. ಠಾಣೆಯಿಂದ ಬರಿಗೈಯಲ್ಲಿ ಹಿಂದಿರುಗಿದ ತಾಯಿ ಪಾಲಕರ ಕಾಯಿದೆಯ 25ನೆಯ ಕಲಮಿನಡಿ ಅರ್ಜಿ ಹಾಕಬೇಕು. ಇಲ್ಲವೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ರಿಟ್ಟನ್ನು ಬೇಡಬೇಕು. ಕೂಲಿ ಮಾಡುವವಳಿಗೆ ಎರಡೂ ದೂರದ ದಾರಿಗಳೇ.

ಊರು ಬಿಡುವುದನ್ನು ನಿಷೇಧಿಸಬೇಕೆಂಬುದು ನಮ್ಮ ಮತವಲ್ಲ. ಆಸ್ಥೆಯುಳ್ಳ ತಂದೆಗೆ ಮುಂಚಿತವಾಗಿ ತಿಳಿವಳಿಕೆ, ಭೇಟಿಯ ಏರ್ಪಾಡು, ತಾಯಿಯ ವಶಕ್ಕೆ ತ್ವರಿತ ರಕ್ಷಣೆ, ಇವು ಮೂರೂ ಶಾಸನದಲ್ಲಿ ಸ್ಪಷ್ಟವಾಗಬೇಕು. ಅಲ್ಲಿಯವರೆಗೆ ನ್ಯಾಯಾಲಯಗಳು ಮಗುವಿನ ಶಾಲೆ, ಆಡುಮಾತು, ಅದನ್ನು ಎತ್ತಿ ಆಡಿಸಿದ ಮನೆ ಇವನ್ನೇ ಮೊದಲು ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.